ಸ್ಟ್ರೋಯೆಟ್: ಕಾರು ಹೋದ ಮೇಲೆ ಬೀದಿಗೆ ಏನಾಯಿತು?

1962ರ ನವೆಂಬರ್ 17ರಂದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಹಳೇ ಪೇಟೆಯ ಮುಖ್ಯ ಬೀದಿಯಾದ ಸ್ಟ್ರೋಯೆಟ್‌ಗೆ ಕಾರು ಬರುವುದನ್ನು ನಿಲ್ಲಿಸಿದರು. ಪ್ರಯೋಗ ಮಾಡಿ ನೋಡೋಣ, ಸರಿ ಹೋಗದಿದ್ದರೆ ಮತ್ತೆ ಬಿಡೋಣ ಅನ್ನುವ ಲೆಕ್ಕ. ಆ ಪ್ರಯೋಗ ಇವತ್ತಿಗೂ ಮುಗಿದಿಲ್ಲ. ಆ ಬೀದಿಯಲ್ಲಿ ಆಮೇಲೆ ಕಾರು ಓಡಾಡಲೇ ಇಲ್ಲ.

ಊರು, ರಸ್ತೆ ಕಟ್ಟುವವರು ಜಗತ್ತಿನಾದ್ಯಂತ ಈ ಪ್ರಕರಣವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತಾರೆ. ಆದರೆ ಸಾಮಾನ್ಯವಾಗಿ ಹೇಳುವುದು ಅರ್ಧ ಮಾತ್ರ. ಕಾರು ತೆಗೆದರು, ಜನ ಬಂದರು, ವ್ಯಾಪಾರ ಚೆನ್ನಾಗಿ ಆಯಿತು ಅಂತ. ಅಷ್ಟೂ ನಿಜವೇ. ಉಳಿದರ್ಧ ಏನೆಂದರೆ, ಕಾರು ಹೋದರೆ ನಮ್ಮ ಅಂಗಡಿ ಮುಚ್ಚುತ್ತದೆ ಅಂತ ಅವತ್ತು ಹೆದರಿದವರ ಅಂಗಡಿಗಳು ಮುಂದೆ ನಿಜವಾಗಿಯೂ ಒಂದೊಂದಾಗಿ ಮುಚ್ಚಿದವು. ಕಾರಣ ಮಾತ್ರ ಅವರು ಅಂದುಕೊಂಡಿದ್ದಲ್ಲ. ಗಿರಾಕಿ ಕಡಿಮೆಯಾಗಿ ಅಲ್ಲ, ಬಾಡಿಗೆ ಏರಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಈ ಪ್ರಕರಣದಿಂದ ಕಲಿಯುವುದಿದೆ ಅಂತ ನನ್ನ ಅಭಿಪ್ರಾಯ.

ಬೀದಿ ಎಂಥದು

ಸ್ಟ್ರೋಯೆಟ್ ಅನ್ನುವ ಹೆಸರಿನ ಬೀದಿ ದಾಖಲೆಯಲ್ಲಿ ಇಲ್ಲ. ಟೌನ್ ಹಾಲ್ ಮುಂದಿನ ಚೌಕದಿಂದ ಕಾಂಗೆನ್ಸ್ ನೀಟೋರ್ವ್ ಅನ್ನುವ ದೊಡ್ಡ ಚೌಕದ ತನಕ ಒಂದರ ಬಾಲಕ್ಕೆ ಇನ್ನೊಂದು ಸೇರಿಕೊಂಡ ಬೀದಿಗಳ ಸಾಲಿಗೆ ಜನ ಇಟ್ಟ ಹೆಸರು ಅದು. ಪಶ್ಚಿಮದ ತುದಿಯಲ್ಲಿ ಫ್ರೆಡರಿಕ್ಸ್‌ಬರ್ಗ್‌ಗೇಡ್, ಪೂರ್ವದ ತುದಿಯಲ್ಲಿ ಓಸ್ಟರ್‌ಗೇಡ್, ನಡುವೆ ಅಮಾಗರ್‌ಟೋರ್ವ್ ಚೌಕ. ಒಟ್ಟು ಉದ್ದ ಸುಮಾರು 1.1 ಕಿಲೋಮೀಟರ್. ಅಗಲ ಹೆಚ್ಚಿನ ಕಡೆ ಹತ್ತು-ಹನ್ನೊಂದು ಮೀಟರ್ ಅಷ್ಟೇ.

ಹಳೇ ಪೇಟೆ ಅಂದರೂ ಇಲ್ಲಿನ ಕಟ್ಟಡಗಳು ತೀರಾ ಹಳೆಯವಲ್ಲ. 1728ರಲ್ಲಿ ಒಮ್ಮೆ, 1795ರಲ್ಲಿ ಇನ್ನೊಮ್ಮೆ ಊರಿಗೆ ದೊಡ್ಡ ಬೆಂಕಿ ಬಿತ್ತು. 1807ರಲ್ಲಿ ಇಂಗ್ಲಿಷರ ಫಿರಂಗಿ ದಾಳಿ ಬೇರೆ. ಹಾಗಾಗಿ ಈಗ ಕಾಣುವ ಮನೆಗಳಲ್ಲಿ ಬಹಳಷ್ಟು 1795ರ ನಂತರದವು. ನೇರವಾದ ಗೋಡೆ, ಸಾಲು ಕಿಟಕಿ, ಜಾಸ್ತಿ ಅಲಂಕಾರ ಇಲ್ಲ. ಬೀದಿಯ ಅಂದ ಬಂದಿರುವುದೇ ಆ ಮಿತವಾದ ಸಾಲಿನಿಂದ.

ಅಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಅಡ್ಡರಸ್ತೆ ಸೇರುವ ಕಡೆ ಎಷ್ಟೋ ಕಟ್ಟಡಗಳ ಮೂಲೆ ಚೂಪಾಗಿಲ್ಲ, ಓರೆಯಾಗಿ ಕತ್ತರಿಸಿದಂತಿದೆ. 1795ರ ಬೆಂಕಿಯ ಸಮಯದಲ್ಲಿ ಉದ್ದನೆಯ ಏಣಿ ಹೊತ್ತ ಅಗ್ನಿಶಾಮಕ ಗಾಡಿಗಳಿಗೆ ಇಕ್ಕಟ್ಟಾದ ತಿರುವಿನಲ್ಲಿ ತಿರುಗಲು ಆಗಿರಲಿಲ್ಲ. ಹಾಗಾಗಿ ಮತ್ತೆ ಕಟ್ಟುವಾಗ ಮೂಲೆ ಕತ್ತರಿಸಿಯೇ ಕಟ್ಟಬೇಕು ಅಂತ ನಿಯಮ ಮಾಡಿದರು. ಗಾಡಿಗಾಗಿ ಬಿಟ್ಟ ಆ ಜಾಗ ನೂರೈವತ್ತಕ್ಕೂ ಹೆಚ್ಚು ವರ್ಷದ ಮೇಲೆ ನಡೆಯುವವರಿಗೆ ಉಪಯೋಗಕ್ಕೆ ಬಂತು. ಪ್ರತಿ ಅಡ್ಡರಸ್ತೆಯಲ್ಲೂ ಒಂದು ಪುಟ್ಟ ಚೌಕದಂಥ ಜಾಗ ಸಿಕ್ಕಿತು. ಜನ ನಿಂತು ಮಾತಾಡುವುದು ಅಲ್ಲಿ, ಅಂಗಡಿಯ ಬಾಗಿಲು ಇಡುವುದೂ ಆ ಓರೆ ಗೋಡೆಯಲ್ಲೇ.

ಅಮಾಗರ್‌ಟೋರ್ವ್ ಬಗ್ಗೆ ಸ್ವಲ್ಪ ಹೇಳಲೇಬೇಕು. ರಾಜ ಎರಡನೇ ಕ್ರಿಶ್ಚಿಯನ್ 1521ರಲ್ಲಿ ಡಚ್ ರೈತರನ್ನು ಕರೆಸಿ ಊರಿನ ಪಕ್ಕದ ಅಮಾಗರ್ ದ್ವೀಪದಲ್ಲಿ ನೆಲೆ ಕೊಟ್ಟ. ಆ ದ್ವೀಪದ ತರಕಾರಿ ಬಂದು ಮಾರಾಟವಾಗುತ್ತಿದ್ದ ಜಾಗ ಇದು. ಹೆಸರು ಬಂದದ್ದೂ ಹಾಗೆಯೇ. 1616ರಲ್ಲಿ ಕಟ್ಟಿದ, ಎರಡು ಬೆಂಕಿಯನ್ನೂ ದಾಟಿ ಉಳಿದ ಇಟ್ಟಿಗೆ ಮನೆಯೊಂದು ಇಲ್ಲಿದೆ. ಅದರಲ್ಲಿ ರಾಯಲ್ ಕೋಪನ್‌ಹೇಗನ್ ಪಿಂಗಾಣಿ ಅಂಗಡಿ. ಪಕ್ಕದಲ್ಲೇ ಜಾರ್ಜ್ ಜೆನ್ಸನ್ ಬೆಳ್ಳಿ ಅಂಗಡಿ. ಚೌಕದ ಆ ತುದಿಯಲ್ಲಿ 1894ರ ಕೊಕ್ಕರೆ ಕಾರಂಜಿ. ಓದು ಮುಗಿಸಿದ ಸೂಲಗಿತ್ತಿಯರು ಆ ಕಾರಂಜಿಯ ಸುತ್ತ ಕುಣಿಯುವ ಪದ್ಧತಿ ಇದೆ. ಚೌಕದ ನೆಲಕ್ಕೆ 1993ರಲ್ಲಿ ಕಲಾವಿದ ಬ್ಯೋರ್ನ್ ನೋರ್ಗೋರ್ ಐದು ಬಣ್ಣದ ಗ್ರಾನೈಟ್ ಕಲ್ಲು ಹಾಸಿ ಜಮಖಾನದಂತೆ ವಿನ್ಯಾಸ ಮಾಡಿದರು.

ಹೆದರಿಕೆ

ಈ ಎಲ್ಲದರ ನಡುವೆ 1950ರ ದಶಕದಲ್ಲಿ ಕಾರುಗಳು ತುಂಬಿಕೊಂಡವು. ಹನ್ನೊಂದು ಮೀಟರಿನ ಬೀದಿಯಲ್ಲಿ ನಡುವೆ ವಾಹನ, ಎರಡೂ ಬದಿ ಕಿರಿದಾದ ಫುಟ್‌ಪಾತ್. ಹಬ್ಬದ ಖರೀದಿಯ ಹೊತ್ತಿನಲ್ಲಿ ಫುಟ್‌ಪಾತ್ ಮೇಲೆ ಹೆಜ್ಜೆ ಇಡಲು ಜಾಗ ಇರುತ್ತಿರಲಿಲ್ಲ. ಅದಕ್ಕೇ ಕ್ರಿಸ್‌ಮಸ್ ಸಮಯದಲ್ಲಿ ಒಂದೆರಡು ದಿನ ಬೀದಿಗೆ ಕಾರು ಬಿಡದೆ ಇರುವ ರೂಢಿ ಆಗಲೇ ಇತ್ತು. ಅಂದರೆ 1962ರ ನಿರ್ಧಾರ ಆಕಾಶದಿಂದ ಉದುರಿದ್ದಲ್ಲ. ಎರಡು ದಿನ ಸಾಧ್ಯ ಇದ್ದದ್ದು ಎರಡು ವರ್ಷ ಯಾಕೆ ಸಾಧ್ಯ ಆಗಬಾರದು ಅನ್ನುವ ಪ್ರಶ್ನೆ ಅಷ್ಟೇ.

ಆದರೂ ಗದ್ದಲ ದೊಡ್ಡದೇ ಆಯಿತು. ಈ ಕೆಲಸದ ಹಿಂದೆ ನಿಂತಿದ್ದವರು ನಗರದ ಮೇಯರ್‌ಗಳಲ್ಲಿ ಒಬ್ಬರಾದ ಆಲ್ಫ್ರೆಡ್ ವಾಸಾರ್ಡ್. ಕೋಪನ್‌ಹೇಗನ್ನಿನಲ್ಲಿ ಬೇರೆ ಬೇರೆ ವಿಭಾಗಕ್ಕೆ ಬೇರೆ ಬೇರೆ ಮೇಯರ್ ಇರುತ್ತಾರೆ. ವಾಸಾರ್ಡ್ ಅವರಿಗೆ ಕೊಲೆ ಬೆದರಿಕೆ ಬಂದಿತು. ಒಂದು ಬೀದಿಗೆ ಕಾರು ಬೇಡ ಅಂದದ್ದಕ್ಕೆ!

ಆಕ್ಷೇಪಣೆಗಳು ಎರಡು ಬಗೆಯವು. ಒಂದು ಅಂಗಡಿಯವರದು: ಗಿರಾಕಿ ಬಾಗಿಲ ತನಕ ಕಾರಿನಲ್ಲಿ ಬರಲು ಆಗದಿದ್ದರೆ ಬೇರೆ ಕಡೆ ಹೋಗುತ್ತಾರೆ. ಇನ್ನೊಂದು ಪತ್ರಿಕೆಗಳಲ್ಲಿ ಬಂದದ್ದು: ನಾವು ಡೇನರು, ಇಟಲಿಯವರಲ್ಲ. ಈ ಚಳಿ, ಮಳೆ, ಗಾಳಿಯಲ್ಲಿ ಬೀದಿಯಲ್ಲಿ ಕೂತು ಹರಟುವ ಜನ ನಾವಲ್ಲ. ಮೊದಲನೆಯದು ಹೊಟ್ಟೆಪಾಡಿನ ಮಾತು. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎರಡನೆಯದು ತಮ್ಮ ಬಗ್ಗೆ ತಾವೇ ಕಟ್ಟಿಕೊಂಡ ನಂಬಿಕೆ. ಬೀದಿಯಲ್ಲಿ ಕೂರಲು ಜಾಗವೇ ಇಲ್ಲದಾಗ ನಾವು ಬೀದಿಯಲ್ಲಿ ಕೂರುವವರಲ್ಲ ಅಂತ ಹೇಗೆ ಗೊತ್ತಾಗುತ್ತದೆ? ಪರೀಕ್ಷೆ ಮಾಡಿಯೇ ನೋಡಬೇಕು. ಪ್ರಯೋಗ ಅಂತ ಶುರು ಮಾಡಿದ್ದರ ಜಾಣತನ ಅಲ್ಲಿದೆ. ವಾದದಲ್ಲಿ ಯಾರನ್ನೂ ಸೋಲಿಸುವ ಅಗತ್ಯ ಬೀಳಲಿಲ್ಲ.

ಮೊದಲ ವರ್ಷದಲ್ಲೇ ನಡೆದು ಬರುವವರು ಸುಮಾರು 35% ಜಾಸ್ತಿಯಾದರು. ವ್ಯಾಪಾರ ಕುಸಿಯಲಿಲ್ಲ. 1964ರಲ್ಲಿ ಪ್ರಯೋಗವನ್ನು ಖಾಯಂ ಮಾಡಿದರು. ಆಮೇಲೆ ಫುಟ್‌ಪಾತಿನ ಅಂಚು ಹೋಗಿ ಈ ಗೋಡೆಯಿಂದ ಆ ಗೋಡೆಯ ತನಕ ಒಂದೇ ಮಟ್ಟದ ನೆಲ ಬಂತು. ಸರಕು ಇಳಿಸುವ ಗಾಡಿಗಳಿಗೆ ಬೆಳಗಿನ ಹೊತ್ತು ಬಿಟ್ಟುಕೊಟ್ಟರು. ಹಗಲಿನಲ್ಲಿ ಸೈಕಲ್ ತಂದವರೂ ಇಳಿದು ತಳ್ಳಿಕೊಂಡೇ ಹೋಗಬೇಕು.

ಕೂತು ಎಣಿಸಿದ ಗಂಡ ಹೆಂಡತಿ

ಈ ಪ್ರಕರಣವನ್ನು ಬೇರೆ ಊರುಗಳ ಇಂಥದೇ ಬೀದಿಗಳಿಂದ ಬೇರೆ ಮಾಡುವುದು ಇದರ ಮುಂದಿನ ಭಾಗ. ಯಾನ್ ಗೇಲ್ ಅನ್ನುವ ಯುವ ವಾಸ್ತುಶಿಲ್ಪಿ, ಅವರ ಹೆಂಡತಿ ಇಂಗ್ರಿಡ್ ಮನಶ್ಶಾಸ್ತ್ರ ಓದಿದವರು. ನೀವು ವಾಸ್ತುಶಿಲ್ಪಿಗಳು ಕಟ್ಟಡ ನೋಡುತ್ತೀರಿ, ಅದರಲ್ಲಿರುವ ಮನುಷ್ಯರನ್ನು ಯಾಕೆ ನೋಡುವುದಿಲ್ಲ ಅನ್ನುವುದು ಅವರ ಮನೆಯಲ್ಲಿ ದಿನಾ ನಡೆಯುತ್ತಿದ್ದ ಚರ್ಚೆ. 1965ರಲ್ಲಿ ಇಬ್ಬರೂ ಇಟಲಿಗೆ ಹೋಗಿ ಅಲ್ಲಿನ ಚೌಕಗಳಲ್ಲಿ ಜನ ಏನು ಮಾಡುತ್ತಾರೆ ಅಂತ ತಿಂಗಳುಗಟ್ಟಲೆ ನೋಡಿದರು. ವಾಪಸು ಬಂದು ಅದೇ ಕಣ್ಣಿನಿಂದ ತಮ್ಮೂರಿನ ಬೀದಿಯನ್ನು ನೋಡಲು ಶುರು ಮಾಡಿದರು. ಮಂಗಳವಾರ, ಶನಿವಾರ ಸ್ಟ್ರೋಯೆಟ್‌ನಲ್ಲಿ ಕೂರುವುದು. ಮಳೆಯಿರಲಿ, ಬಿಸಿಲಿರಲಿ, ಬೇಸಿಗೆಯಿರಲಿ, ಚಳಿಗಾಲವಿರಲಿ. ಎಷ್ಟು ಜನ ಹೋದರು, ಎಷ್ಟು ಜನ ನಿಂತರು, ಎಲ್ಲಿ ಕೂತರು, ಏನು ನೋಡಿದರು ಅಂತ ಬರೆದುಕೊಳ್ಳುವುದು. 1968ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಅವರಿಗೆ ಸಿಕ್ಕಿದ್ದನ್ನು ನೋಡಿ. ಬ್ಯಾಂಕಿನ ಮುಂದೆ ಯಾರೂ ನಿಲ್ಲುವುದಿಲ್ಲ. ಕಚೇರಿ, ಶೋರೂಂ ಮುಂದೆಯೂ ಅಷ್ಟೇ. ಆಟಿಕೆ ಅಂಗಡಿ, ಪತ್ರಿಕೆ ಮಾರುವ ಗೂಡಂಗಡಿ, ಸಿನಿಮಾ ಟಾಕೀಸಿನ ಮುಂದಿನ ಫೋಟೋ, ಇಂಥದ್ದರ ಮುಂದೆ ನಿಲ್ಲುತ್ತಾರೆ. ಅದಕ್ಕಿಂತ ಜಾಸ್ತಿ ಜನ ನಿಲ್ಲುವುದು ಇನ್ನೊಬ್ಬ ಮನುಷ್ಯ ಏನೋ ಮಾಡುತ್ತಿದ್ದಾಗ. ಕಟ್ಟಡದ ಕೆಲಸ ನಡೆಯುತ್ತಿದ್ದರೆ ಜನ ನಿಂತು ನೋಡುತ್ತಾರೆ. ಕೆಲಸಗಾರರು ಊಟಕ್ಕೆ ಹೋದಾಗ ಅದೇ ಜಾಗದಲ್ಲಿ ಅಷ್ಟು ಜನ ನಿಲ್ಲುವುದಿಲ್ಲ. ಒಬ್ಬ ಕಲಾವಿದ ನೆಲದ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸುತ್ತಿದ್ದಾನೆ ಅಂತಿಟ್ಟುಕೊಳ್ಳಿ. ಸುತ್ತ ಜನ ಸೇರುತ್ತಾರೆ. ಅವನು ಎದ್ದು ಹೋದ ಮೇಲೆ ಜನ ಅದೇ ಚಿತ್ರವನ್ನು ತುಳಿದುಕೊಂಡು ಹೋಗುತ್ತಾರೆ. ಚಿತ್ರ ಅದೇ. ಕೈ ಮಾತ್ರ ಇಲ್ಲ. ಹಾಡಿನದೂ ಹಾಗೇ. ರೆಕಾರ್ಡ್ ಅಂಗಡಿಯ ಸ್ಪೀಕರಿನಿಂದ ಬರುವ ಹಾಡಿಗೆ ಯಾರೂ ತಿರುಗಿ ನೋಡುವುದಿಲ್ಲ. ಬೀದಿಯಲ್ಲಿ ಯಾರಾದರೂ ನಿಜವಾಗಿ ನುಡಿಸಲು ಶುರು ಮಾಡಿದರೆ ನಿಲ್ಲುತ್ತಾರೆ.

ಈ ಸಣ್ಣ ಸಣ್ಣ ಗಮನಿಕೆಗಳಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಒಂದು ಬೀದಿ ಚೆನ್ನಾಗಿದೆ ಅಂತ ನಮಗೆ ಅನ್ನಿಸುವುದಕ್ಕೂ, ಅದು ಯಾಕೆ ಚೆನ್ನಾಗಿದೆ ಅಂತ ಗೊತ್ತಾಗುವುದಕ್ಕೂ ನಡುವೆ ಇರುವ ಕೆಲಸ ಇದು. ವಾಹನಗಳನ್ನು ಎಣಿಸುವ ಇಲಾಖೆ ಎಲ್ಲ ಊರಿನಲ್ಲೂ ಇರುತ್ತದೆ. ಎಷ್ಟು ಕಾರು ಹೋಯಿತು ಅನ್ನುವ ಲೆಕ್ಕ ಸಿಗುತ್ತದೆ, ಎಷ್ಟು ಜನ ಕೂತಿದ್ದರು ಅನ್ನುವ ಲೆಕ್ಕ ಸಿಗುವುದಿಲ್ಲ. ಲೆಕ್ಕ ಇಲ್ಲದ್ದಕ್ಕೆ ಸಭೆಯಲ್ಲಿ ಬೆಲೆಯೂ ಇಲ್ಲ, ಅಲ್ವಾ? ಕೋಪನ್‌ಹೇಗನ್ನಿನಲ್ಲಿ ಆ ಲೆಕ್ಕ ಸಿಕ್ಕಿತು. ಇದೇ ಎಣಿಕೆಯನ್ನು 1986ರಲ್ಲಿ, ಮತ್ತೆ 1995ರಲ್ಲಿ ಮಾಡಿದರು. ಹೋಲಿಸಿ ನೋಡಲು ಸಾಧ್ಯವಾಯಿತು.

ಹೋಲಿಸಿದಾಗ ಕಂಡದ್ದು ಸ್ವಾರಸ್ಯದ ಸಂಗತಿ. ಸ್ಟ್ರೋಯೆಟ್‌ನಲ್ಲಿ ನಡೆದು ಹೋಗುವವರ ಸಂಖ್ಯೆ ಆ ವರ್ಷಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೀದಿಗೂ ಒಂದು ಮಿತಿ ಇರುತ್ತದೆ. ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ ಹತ್ತರಿಂದ ಹದಿನೈದು ಜನ ಹೋಗಬಹುದು. ಅದನ್ನು ಮೀರಿದರೆ ಸುತ್ತಾಟ ಹೋಗಿ ನೂಕುನುಗ್ಗಲು ಶುರುವಾಗುತ್ತದೆ. ಹೋಗುವವರು ಒಂದು ಸಾಲು, ಬರುವವರು ಒಂದು ಸಾಲು ಅಂತ ಆಗಿಬಿಡುತ್ತದೆ. ಏರಿದ್ದು ನಿಂತವರ, ಕೂತವರ ಸಂಖ್ಯೆ. ಪೇಟೆಯ ನಡುಭಾಗದಲ್ಲಿ ಕಾರಿಲ್ಲದ ಜಾಗ 1968ರಿಂದ 1995ರ ನಡುವೆ ಮೂರೂವರೆ ಪಟ್ಟು ಬೆಳೆಯಿತು. ಅಲ್ಲಿ ಹೊತ್ತು ಕಳೆಯುವವರೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಬೆಳೆದರು. ಹೊಸದಾಗಿ ಬಿಟ್ಟುಕೊಟ್ಟ ಪ್ರತಿ 14 ಚದರ ಮೀಟರ್ ಜಾಗಕ್ಕೆ ಒಬ್ಬ ಮನುಷ್ಯ ಬಂದು ಕೂತ ಹಾಗೆ ಲೆಕ್ಕ.

ಇನ್ನೊಂದು ಗಮನಿಕೆ. ಚಳಿಗಾಲದಲ್ಲಿ ಇದೇ ಬೀದಿಯಲ್ಲಿ ಜನ ಬೇಸಿಗೆಗಿಂತ ಮೂರನೇ ಒಂದು ಪಾಲು ಜಾಸ್ತಿ ವೇಗವಾಗಿ ನಡೆಯುತ್ತಾರೆ. ನಿಧಾನ ನಡೆದರೆ ಒಬ್ಬೊಬ್ಬರೂ ಬೀದಿಯಲ್ಲಿ ಜಾಸ್ತಿ ಹೊತ್ತು ಇರುತ್ತಾರೆ. ಹಾಗಾಗಿ ಬಂದವರು ಅಷ್ಟೇ ಆದರೂ ಬೇಸಿಗೆಯಲ್ಲಿ ಬೀದಿ ತುಂಬಿದಂತೆ ಕಾಣುತ್ತದೆ. ಬೀದಿಯ ಕಳೆ ಎಷ್ಟು ಜನ ಬಂದರು ಅನ್ನುವುದರ ಮೇಲಷ್ಟೇ ನಿಂತಿಲ್ಲ, ಎಷ್ಟು ಹೊತ್ತು ಇದ್ದರು ಅನ್ನುವುದರ ಮೇಲೂ ನಿಂತಿದೆ ಅಂತ ಗೇಲ್ ಹೇಳುವುದು ಇದನ್ನೇ.

ಇಟಲಿಯವರಲ್ಲ ಅಂದ ಡೇನರು? 1986ರಲ್ಲಿ ಪೇಟೆಯ ನಡುಭಾಗದಲ್ಲಿ ಬಯಲಿಗೆ ಹಾಕಿದ ಕೆಫೆ ಕುರ್ಚಿಗಳು ಸುಮಾರು 3,000. ಇಪ್ಪತ್ತು ವರ್ಷದಲ್ಲಿ ಅವು ಸುಮಾರು 7,000 ಆದವು. ಕುರ್ಚಿಯ ಬೆನ್ನಿಗೆ ಒಂದು ಕಂಬಳಿ ಹಾಕಿಟ್ಟಿರುತ್ತಾರೆ. ಚಳಿಯಾದರೆ ಹೊದ್ದುಕೊಂಡು ಕಾಫಿ ಕುಡಿಯುತ್ತಾರೆ.

ನಿಧಾನವಾಗಿ ಮಾಡಿದ್ದು

ಒಂದು ಬೀದಿಗೆ ಕಾರು ಬಿಡದಿದ್ದರೆ ಆ ಕಾರುಗಳು ಎಲ್ಲಿಗೆ ಹೋದವು? ಇದು ನ್ಯಾಯವಾದ ಪ್ರಶ್ನೆ. ಹಳೇ ಕೋಪನ್‌ಹೇಗನ್ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಊರು. ಯಾವ ಮೂಲೆಯಿಂದ ಯಾವ ಮೂಲೆಗಾದರೂ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ನಡೆದು ಹೋಗಬಹುದು. ಇಷ್ಟು ಅನುಕೂಲ ಎಲ್ಲ ಊರಿಗೂ ಇರುವುದಿಲ್ಲ. ಈ ಪ್ರಕರಣವನ್ನು ಬೇರೆ ಕಡೆ ನಕಲು ಮಾಡುವವರು ಮೊದಲು ಈ ಅಳತೆಯನ್ನು ನೋಡಬೇಕು.

ಅದರ ಮೇಲೆ, ನಗರ ಆತುರ ಪಡಲಿಲ್ಲ. 1962ರಲ್ಲಿ ಕಾರಿಲ್ಲದ ಜಾಗ 15,800 ಚದರ ಮೀಟರ್. 1996ರ ಹೊತ್ತಿಗೆ ಸುಮಾರು 96,000. ಅಂದರೆ ಆರು ಪಟ್ಟಾಗಲು ಮೂವತ್ತನಾಲ್ಕು ವರ್ಷ ಬೇಕಾಯಿತು. ಮೊದಲು ಅಡ್ಡ ಬೀದಿಗಳು, ಆಮೇಲೆ ಚೌಕಗಳು. ಕಾರು ನಿಲ್ಲಿಸುವ ಜಾಗವಾಗಿದ್ದ ಚೌಕಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. 1968ರಲ್ಲಿ ಗ್ರೋಬ್ರೋಡ್ರೆಟೋರ್ವ್ ಚೌಕ, 1980ರಲ್ಲಿ ನೀಹಾವ್ನ್ ದಕ್ಕೆಯ ಒಂದು ಬದಿ. ಪಾರ್ಕಿಂಗ್ ಜಾಗವನ್ನು ವರ್ಷಕ್ಕೆ ನೂರಕ್ಕೆ ಎರಡು ಮೂರರಂತೆ ಕಡಿಮೆ ಮಾಡುತ್ತಾ ಬಂದರು. ಒಂದು ವರ್ಷದಲ್ಲಿ ಅಷ್ಟು ಕಡಿಮೆಯಾದರೆ ಯಾರ ಗಮನಕ್ಕೂ ಬರುವುದಿಲ್ಲ. ಕಾರು ತರುತ್ತಿದ್ದವರಿಗೆ ಸೈಕಲ್ಲಿಗೆ, ಬಸ್ಸಿಗೆ ಬದಲಾಯಿಸಿಕೊಳ್ಳಲು ಸಮಯ ಸಿಕ್ಕಿತು.

ಕಾಲವೂ ಸಹಾಯ ಮಾಡಿತು. 1973ರ ನವೆಂಬರಿನಲ್ಲಿ ತೈಲದ ಬಿಕ್ಕಟ್ಟಿನಿಂದ ಡೆನ್ಮಾರ್ಕ್ ಪೂರ್ತಿ ಭಾನುವಾರ ಕಾರು ಓಡಿಸುವುದನ್ನು ನಿಷೇಧಿಸಿತು. ಊರಿನ ಕೆರೆಗಳ ಪಕ್ಕ ದೊಡ್ಡ ಹೆದ್ದಾರಿ ತರುವ ಯೋಜನೆಯೊಂದಿತ್ತು, ಅದನ್ನೂ ಆ ವರ್ಷಗಳಲ್ಲೇ ಕೈಬಿಟ್ಟರು. ಆ ಹೆದ್ದಾರಿ ಬಂದಿದ್ದರೆ ಸ್ಟ್ರೋಯೆಟ್ ಇಷ್ಟು ಬೆಳೆಯುತ್ತಿತ್ತೇ ಅನ್ನುವುದು ನನಗೆ ಅನುಮಾನ.

ಬಾಡಿಗೆಯ ಕಥೆ

ಇಲ್ಲಿಂದ ಮುಂದಿನದನ್ನು ಹೊಗಳುವವರು ಬೇಗ ದಾಟಿಬಿಡುತ್ತಾರೆ.

ಬೀದಿಯ ನೆಲ ನಗರದ್ದು. ಎರಡೂ ಬದಿಯ ಕಟ್ಟಡಗಳು ಖಾಸಗಿಯವರದು. ನೆಲದ ಮೇಲೆ ಏನು ನಡೆಯಬೇಕು ಅನ್ನುವುದನ್ನು ನಗರ ತೀರ್ಮಾನಿಸಿತು. ಆ ತೀರ್ಮಾನದಿಂದ ಬಂದ ಲಾಭ ಕಟ್ಟಡದ ಮಾಲೀಕರಿಗೆ ಹೋಯಿತು. ದಿನವಿಡೀ ಜನ ಹರಿಯುವ ಬೀದಿಯಲ್ಲಿ ಕೆಳಗಿನ ಮಹಡಿಯ ಒಂದು ಅಂಗಡಿ ಅಂದರೆ ಬೆಲೆ ಏರದೆ ಇರುತ್ತದೆಯೇ? ಡೆನ್ಮಾರ್ಕಿನ ಅತಿ ದುಬಾರಿ ಅಂಗಡಿ ಬಾಡಿಗೆಗಳು ಈ ಬೀದಿಯಲ್ಲೇ ಇವೆ. ಆ ಬಾಡಿಗೆ ಕಟ್ಟುವ ಶಕ್ತಿ ಇರುವವರು ಎರಡೇ ಬಗೆಯವರು. ಒಂದು, ಹತ್ತಾರು ದೇಶದಲ್ಲಿ ಅಂಗಡಿ ಇಟ್ಟ ಬಟ್ಟೆ, ಚೀಲ, ಗಡಿಯಾರದ ದೊಡ್ಡ ಕಂಪನಿಗಳು. ಇನ್ನೊಂದು, ಹಾದುಹೋಗುವ ಪ್ರವಾಸಿಗೆ ಬೇಗ ಬೇಗ ಮಾರುವವರು: ಫ್ರಿಜ್ಜಿಗೆ ಅಂಟಿಸುವ ಗೊಂಬೆ, ಹಣ ಬದಲಾಯಿಸುವ ಕೌಂಟರ್, ಬರ್ಗರ್. ಇವತ್ತು ಬೀದಿ ನಡೆದುಕೊಂಡು ಹೋದರೆ ಇದು ಕಣ್ಣಿಗೆ ಕಾಣುತ್ತದೆ. ಕಾಂಗೆನ್ಸ್ ನೀಟೋರ್ವ್ ಕಡೆಯ ಓಸ್ಟರ್‌ಗೇಡ್‌ನಲ್ಲಿ ಐಷಾರಾಮಿ ಬ್ರ್ಯಾಂಡುಗಳು. ಟೌನ್ ಹಾಲ್ ಕಡೆಯ ತುದಿಯಲ್ಲಿ ಅಗ್ಗದ ಬಟ್ಟೆ, ತಿಂಡಿ, ನೆನಪಿನ ಕಾಣಿಕೆ. ಗುಂಡಿ, ಲಾಡಿ, ಚಾಕು ಸಾಣೆ, ದಿನಬಳಕೆಯ ಸಾಮಾನು, ಇಂಥದ್ದನ್ನು ಮಾರುವವರಿಗೆ ಎರಡೂ ಕಡೆ ಜಾಗ ಇಲ್ಲ.

ಹಾಗಂತ ಕಾರು ಇದ್ದಿದ್ದರೆ ಆ ಅಂಗಡಿಗಳು ಉಳಿಯುತ್ತಿದ್ದವು ಅಂತ ನಾನು ಹೇಳುತ್ತಿಲ್ಲ. 2000ದಲ್ಲಿ ಫಿಸ್ಕೆಟೋರ್ವೆಟ್, 2004ರಲ್ಲಿ ಫೀಲ್ಡ್ಸ್ ಅನ್ನುವ ದೊಡ್ಡ ಮಾಲ್‌ಗಳು ಅದೇ ಊರಿನಲ್ಲಿ ಬಂದವು. ಆಮೇಲೆ ಮನೆಯಲ್ಲೇ ಕೂತು ತರಿಸಿಕೊಳ್ಳುವುದು ಬಂತು. ಪೇಟೆ ಬೀದಿಗಳು ಖಾಲಿಯಾದ ಯುರೋಪಿನ ಊರುಗಳು ಬೇಕಾದಷ್ಟಿವೆ. ಸ್ಟ್ರೋಯೆಟ್ ಖಾಲಿಯಾಗಲಿಲ್ಲ. ಅಷ್ಟರ ಮಟ್ಟಿಗೆ 1962ರ ನಿರ್ಧಾರ ಬೀದಿಯನ್ನು ಉಳಿಸಿತು. ಆದರೆ ಬೀದಿಯನ್ನು ಉಳಿಸುವುದು ಬೇರೆ, ಬೀದಿಯಲ್ಲಿದ್ದವರನ್ನು ಉಳಿಸುವುದು ಬೇರೆ. ಎರಡನೆಯದಕ್ಕೆ ಬೇಕಾದ ಏರ್ಪಾಡು ಕಾರು ನಿಷೇಧದಲ್ಲಿ ಇರಲಿಲ್ಲ. ಇರಬೇಕು ಅಂತ ಆಗ ಯಾರಿಗೂ ತೋಚಿರಲೂ ಇಲ್ಲ, ಯಾಕೆಂದರೆ ಆಗಿನ ಭಯ ಬೀದಿ ಬಡವಾಗುತ್ತದೆ ಅನ್ನುವುದು, ಶ್ರೀಮಂತವಾಗುತ್ತದೆ ಅನ್ನುವುದಲ್ಲ.

ಹಳೇ ಅಂಗಡಿಗಳಲ್ಲಿ ಉಳಿದವು ಎಲ್ಲಿ ಉಳಿದಿವೆ ಅಂತ ನೋಡಿದರೆ ಒಂದು ಸುಳಿವು ಸಿಗುತ್ತದೆ. 1870ರಲ್ಲಿ ಶುರುವಾದ ಲಾ ಗ್ಲಾಸ್ ಅನ್ನುವ ಕೇಕಿನ ಅಂಗಡಿ ಇರುವುದು ಸ್ಕೌಬೋಗೇಡ್‌ನಲ್ಲಿ. ಅದು ಸ್ಟ್ರೋಯೆಟ್‌ನಿಂದ ಒಂದು ತಿರುವು ಒಳಗೆ. 1835ರ ಪರ್ಕ್ ಚಹಾ ಅಂಗಡಿ ಕ್ರೋನ್‌ಪ್ರಿನ್ಸೆನ್ಸ್‌ಗೇಡ್‌ನಲ್ಲಿ. ಅದೂ ಮುಖ್ಯ ಬೀದಿಯಿಂದ ನಾಲ್ಕು ಹೆಜ್ಜೆ ದೂರ. ಜನರ ಹರಿವು ತಲುಪುವಷ್ಟು ಹತ್ತಿರ, ಬಾಡಿಗೆ ಪೂರ್ತಿ ತಲುಪದಷ್ಟು ದೂರ. ಕೋಪನ್‌ಹೇಗನ್ ಒಂದೇ ಬೀದಿಗೆ ನಿಲ್ಲಿಸದೆ ಪಕ್ಕದ ಬೀದಿಗಳಿಗೂ ನಡೆಯುವವರ ಜಾಗವನ್ನು ಹರಡಿದ್ದರ ಲಾಭ ಇದು. ಸ್ಟ್ರೋಯೆಟ್‌ಗೆ ಸಮಾನಾಂತರವಾಗಿ ಹೋಗುವ ಸ್ಟ್ರೇಡೆಟ್ ಅನ್ನುವ ಸಾಲಿನಲ್ಲಿ ನಿಧಾನವಾಗಿ ಹೋಗುವ ಕಾರಿಗೂ ಅವಕಾಶ ಇದೆ, ಆದರೆ ನಡೆಯುವವರಿಗೆ ಮೊದಲ ಹಕ್ಕು. ಅಲ್ಲಿ ಸಣ್ಣ ಸಣ್ಣ ಅಂಗಡಿಗಳು, ಕೆಫೆಗಳು ಇವೆ. ಜನರನ್ನೆಲ್ಲ ಒಂದೇ ಬೀದಿಗೆ ತುಂಬಿಸಿದ್ದರೆ ಈ ಅಂಗಡಿಗಳಿಗೆ ಗಿರಾಕಿ ಸಿಗುತ್ತಿರಲಿಲ್ಲ.

ಹಳೇ ಪೇಟೆಯೊಳಗೆ ಇನ್ನೂ ಜನ ವಾಸ ಇದ್ದಾರೆ ಅನ್ನುವುದೂ ಮುಖ್ಯ. 1990ರ ದಶಕದ ಲೆಕ್ಕದಲ್ಲಿ ಸುಮಾರು 7,000 ಜನ. ವಿಶ್ವವಿದ್ಯಾಲಯದ ಹಳೇ ಕಟ್ಟಡಗಳೂ ಅಲ್ಲೇ ಇವೆ. ಅಂಗಡಿ ಮುಚ್ಚಿದ ಮೇಲೂ ಮೇಲಿನ ಕಿಟಕಿಗಳಲ್ಲಿ ದೀಪ ಇರುವ ಬೀದಿಯಲ್ಲಿ ರಾತ್ರಿ ಒಬ್ಬಳೇ ನಡೆದು ಹೋಗುವ ಹೆಣ್ಣುಮಗಳಿಗೆ ಸಿಗುವ ಧೈರ್ಯ ಬೇರೆಯೇ. ಆದರೆ ಈ ಜನಕ್ಕೆ ಹಾಲು, ಬ್ರೆಡ್ಡು, ಸೋಪು ಬೇಕು. ಐಷಾರಾಮಿ ಚೀಲದ ಅಂಗಡಿ ಅದನ್ನು ಮಾರುವುದಿಲ್ಲ.

ಹಾಗಾಗಿ ಈ ಪ್ರಕರಣವನ್ನು ಮುಂದಿಟ್ಟು ತಮ್ಮೂರಿನ ಬೀದಿಗೆ ಕಾರು ಬೇಡ ಅಂತ ಕೇಳುವವರು, ನಾನೂ ಅವರಲ್ಲಿ ಒಬ್ಬ, ಮೊದಲ ದಿನದಿಂದಲೇ ಎರಡು ಬೇಡಿಕೆ ಒಟ್ಟಿಗೆ ಇಡಬೇಕು. ನೆಲ ನಡೆಯುವವರಿಗೆ ಬಿಡಿ ಅನ್ನುವುದು ಒಂದು. ಈಗ ಅಲ್ಲಿರುವ ಬಾಡಿಗೆದಾರ ಅಂಗಡಿಯವರ ಒಪ್ಪಂದ ಎಷ್ಟು ವರ್ಷದ್ದು, ಬಾಡಿಗೆ ಎಷ್ಟು, ಕಾರು ಹೋದ ಐದು ವರ್ಷದ ಮೇಲೆ ಅವರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ಲೆಕ್ಕ ಇಡಿ ಅನ್ನುವುದು ಇನ್ನೊಂದು. ಗೇಲ್ ದಂಪತಿ ಕೂತವರನ್ನು, ನಿಂತವರನ್ನು ಎಣಿಸಿದ ಹಾಗೆ ಯಾರಾದರೂ 1962ರಲ್ಲೇ ಅಂಗಡಿಯವರನ್ನೂ ಎಣಿಸಲು ಶುರು ಮಾಡಿದ್ದರೆ, ಬಾಡಿಗೆಯ ಮಾತು ನಗರಸಭೆಯ ಮುಂದೆ ಇಪ್ಪತ್ತು ವರ್ಷ ಮೊದಲೇ ಬರುತ್ತಿತ್ತು.